ಉಪ್ಪು ಕೇಳಿದ ಬಾಗಿಲು

ಅಳಿವೆಪಟ್ಟಣದ ಬಸ್ಸು ನಿಲ್ದಾಣದಲ್ಲಿ ಇಳಿದು, ಮೀನು ಮಾರುಕಟ್ಟೆಯ ವಾಸನೆಯನ್ನೇ ಹಿಡಿದು ತೆಂಕಕ್ಕೆ ನಡೆದರೆ, ಡಾಂಬರು ರಸ್ತೆ ಒಂದು ಕಡೆ ಇದ್ದಕ್ಕಿದ್ದಂತೆ ಸೊಂಟ ತಿರುಗಿಸಿ ಪಕ್ಕಕ್ಕೆ ಸರಿಯುತ್ತದೆ. ಅದು ದಾರಿ ಬಿಟ್ಟುಕೊಟ್ಟಿರುವುದು ಒಂದು ಮುರಿದ ಹೆಬ್ಬಾಗಿಲಿಗೆ. ಇಲ್ಲಿಯವರು ಮುರಕಲ್ಲು ಎನ್ನುವ ಕೆಂಪು ಕಲ್ಲಿನ ಎರಡು ದಪ್ಪ ಗೋಡೆಗಳು ಹೇಗೋ ನಿಂತಿವೆ. ಮೇಲಿನ ಕಮಾನು ಬಿದ್ದುಹೋಗಿ ಎಷ್ಟೋ ಕಾಲವಾಯಿತು, ಈಗ ಅದರ ಕೆಲಸವನ್ನು ಗೋಳಿಮರದ ಬೇರು ಮಾಡುತ್ತಿದೆ. ಹೊರಬಾಗಿಲಲ್ಲಿ ನಿಂತರೆ ಒಳಬಾಗಿಲು ಕಾಣುವುದಿಲ್ಲ, ನಡುವಿನ ಹಾದಿ ಮೊಣಕೈಯ ಹಾಗೆ ಬಾಗಿದೆ. ಆ ಬಾಗಿನಲ್ಲಿ ಕರಿಕಲ್ಲಿನ ಒಂದು ಜಗಲಿ. ಜಗಲಿಯ ಮೇಲೆ ಸಾಲಾಗಿ ನಾಲ್ಕು ಕುಳಿ, ಒಂದೊಂದೂ ಊಟದ ಬಟ್ಟಲಿನಷ್ಟು. ನಾಲ್ಕರ ನಡುವೆ ಐದನೆಯದೊಂದು ಪುಟ್ಟ ಕುಳಿ, ಹೆಬ್ಬೆರಳು ಮುಳುಗುವಷ್ಟೇ. ಎದುರಿನ ಗೋಡೆಯಲ್ಲಿ ಅಂಗೈಯಗಲದ ಒಂದು ಕಿಂಡಿ. ಅದರ ಹಿಂದೆ ಸೂರಿಲ್ಲದ ಸಣ್ಣ ಕೋಣೆ, ಕೋಣೆಯಲ್ಲಿ ಮಸಿ ಹಿಡಿದ ಒಲೆಯ ಗುರುತು. ಹೊರಗೆ ನೆಟ್ಟ ನೀಲಿ ಫಲಕದಲ್ಲಿ ಇದು ಮಧ್ಯಕಾಲದ ಕೋಟೆಬಾಗಿಲು ಎಂದಿದೆ. ಒಡೆದ ಶಾಸನದಲ್ಲಿ ತೆಂಕಣ ಬಾಗಿಲು ಎಂದಿದೆ. ಊರಿನವರ ಬಾಯಲ್ಲಿ ಮಾತ್ರ ಇದು ಉಪ್ಪು ಕೇಳಿದ ಬಾಗಿಲು.

ಈ ಹೆಸರಿಗೆ ಎರಡು ವಿವರಣೆಗಳು ಸಲೀಸಾಗಿ ಸಿಗುತ್ತವೆ. ಉಪ್ಪಿನ ಎತ್ತುಗಳು ಈ ದಾರಿಯಲ್ಲಿ ಹೋಗುತ್ತಿದ್ದುವು, ಅದಕ್ಕೇ ಎನ್ನುವವರು ಒಂದಷ್ಟು ಮಂದಿ. ಅರಸರು ದಾರಿಹೋಕರಿಗೆ ಗಂಜಿ ಹೊಯ್ಯಿಸುತ್ತಿದ್ದರು, ಎಂಥ ಧರ್ಮವಂತರು ನೋಡಿ ಎನ್ನುವವರು ಇನ್ನೊಂದಷ್ಟು ಮಂದಿ. ಎರಡನೆಯ ಮಾತಿನಲ್ಲಿ ಗಂಜಿಯ ಮಟ್ಟಿಗೆ ಸುಳ್ಳಿಲ್ಲ. ಆದರೆ ನಾಲ್ಕು ಊರಿನ ಗಡಿ ದಾಟಿದವರಿಗೆ ಒಂದು ವಿಷಯ ತಾನಾಗಿ ಗೊತ್ತಾಗಿರುತ್ತದೆ: ಬಾಗಿಲಲ್ಲೇ ನಿಂತು ನಗುನಗುತ್ತ ಉಪಚಾರ ಮಾಡುವವರು ಉಪಚಾರಕ್ಕಾಗಿ ನಿಂತಿರುವುದಿಲ್ಲ. ಗಂಜಿ ಹೊಯ್ಯುವುದಕ್ಕೆ ಜಗಲಿ ಸಾಕು. ಕಿಂಡಿ ಯಾಕೆ ಬೇಕು? ಕಿಂಡಿಯ ಸಂಗತಿಯನ್ನು ಹೇಳುವವರು ಊರಿನ ಹಳೆಯ ಹೆಂಗಸರು ಮಾತ್ರ. ಅವರು ಹೇಳುವ ಕತೆ ಹೀಗಿದೆ.

ಹಿಂದೆ ಒಮ್ಮೆ, ಅಳಿವೆಯಲ್ಲಿ ಇನ್ನೂ ಹೂಳು ತುಂಬಿರದೆ ಅರಬರ ಕುದುರೆ ಹಡಗುಗಳು ಊರಿನ ತನಕ ಬರುತ್ತಿದ್ದ ಕಾಲದಲ್ಲಿ, ಈ ಬಾಗಿಲಿಗೆ ಒಬ್ಬ ಕಾವಲುಗಾರನಿದ್ದ. ಅವನ ಹೆಂಡತಿಯ ಹೆಸರು ಪೂವಕ್ಕ. ಒಂದು ಸುಗ್ಗಿಯಲ್ಲಿ ಬಟ್ಟೆ ಮಾರುವವನೊಬ್ಬ ಬಂದು, ತಾನು ಪಕ್ಕದ ಕಡಲಕರೆಯ ಊರಿನವನು ಎಂದು ಹೇಳಿಕೊಂಡು ಅವರ ಮನೆಯಲ್ಲಿ ಉಂಡ. ಕುಚ್ಚಲಕ್ಕಿಯ ಗಂಜಿ ಬಡಿಸಿದಾಗ ಅವನು ಮೇಲಿನ ತಿಳಿನೀರನ್ನೆಲ್ಲ, ಅಂದರೆ ತೆಳಿಯನ್ನು, ಅಂಗಳಕ್ಕೆ ಚೆಲ್ಲಿ, ತಳದ ಅಗುಳನ್ನು ಮಾತ್ರ ಉಂಡನಂತೆ. ಕಡಲ ಕರೆಯಲ್ಲಿ ಹುಟ್ಟಿದವರು ಯಾರೂ ತೆಳಿ ಚೆಲ್ಲುವುದಿಲ್ಲ. ಅಗುಳು ಬಿಟ್ಟಾರು, ತೆಳಿ ಬಿಡರು. ಪೂವಕ್ಕ ಕಂಡಳು, ಮನೆಗೆ ಬಂದ ನೆಂಟನ ಊಟಕ್ಕೆ ಹೆಸರಿಡಬಾರದೆಂದು ಸುಮ್ಮನಾದಳು. ಮರುದಿನ ಆ ನೆಂಟನೇ ಒಳಗಿನಿಂದ ಕೋಟೆಬಾಗಿಲ ಅಗುಳಿ ತೆಗೆದ. ಘಟ್ಟದ ಮೇಲಿನ ಅರಸನ ಮಂದಿ ಹೊಕ್ಕರು, ಅರ್ಧ ಪಟ್ಟಣ ಸುಟ್ಟುಹೋಯಿತು, ಪೂವಕ್ಕನ ಗಂಡ ಬಾಗಿಲ ಕೆಳಗೇ ಸತ್ತ. ಮತ್ತೆ ಕೋಟೆ ಕಟ್ಟಿದಾಗ ಬಾಗಿಲಿನ ಅಧಿಕಾರಿಯಾಗಿ ಬಂದ ಕುಂದಣ್ಣ ಹೆಗ್ಗಡೆಯ ಮುಂದೆ ಅವಳು ತೆಳಿಯ ವಿಷಯ ಹೇಳಿ, ಇನ್ನು ಮೇಲೆ ಒಳಗೆ ಬರುವವರಿಗೆಲ್ಲ ಗಂಜಿ ಕೊಡಿ, ನೋಡಲಿಕ್ಕೆ ನಾನಿದ್ದೇನೆ ಎಂದಳು. ಹೆಗ್ಗಡೆ ಮೊದಲು ನಕ್ಕ. ಆಮೇಲೆ ಕಲ್ಲುಕುಟಿಗರನ್ನು ಕರೆಸಿದ.

ಹೀಗೆ ಶುರುವಾಯಿತು ಆ ಧರ್ಮ. ಬಂದವರು ಹೊರಬಾಗಿಲು ಹೊಕ್ಕರೆ ಹಿಂದೆ ಅದು ಮುಚ್ಚಿಕೊಳ್ಳುತ್ತಿತ್ತು. ಒಳಬಾಗಿಲು ಇನ್ನೂ ತೆರೆದಿರುತ್ತಿರಲಿಲ್ಲ. ನಡುವೆ ಜಗಲಿ. ಕುಳಿಗೆ ಬಾಳೆಲೆ ಒತ್ತಿ ಬಿಸಿ ಗಂಜಿ, ಎಲೆಯಂಚಿಗೆ ಒಂದು ಚಿಟಿಕೆ ಉಪ್ಪು, ಒಂದು ಚೂರು ಶುಂಠಿ, ಜೊತೆಗೆ ಒಂದು ಹಲಸಿನ ಎಲೆ ಮತ್ತು ಒಂದು ಕಡ್ಡಿ. ಕಡ್ಡಿ ಚುಚ್ಚಿ ಎಲೆಯನ್ನು ಸೌಟಿನ ಹಾಗೆ ಮಡಚಿಕೊಳ್ಳುವುದು ಬಂದವರ ಪಾಲಿನ ಕೆಲಸ. ಮಡಿಯವರಿಗೆ ಬೇರೆ ಕೈಯ ಅಡುಗೆಯಿತ್ತು, ನೋಟ ಮಾತ್ರ ಎಲ್ಲರಿಗೂ ಪೂವಕ್ಕನದೇ. ಕಿಂಡಿಯ ಹಿಂದೆ ಕೂತು ಅವಳು ಲೋಕವನ್ನೆಲ್ಲ ನೋಡಿದಳು. ಘಟ್ಟದವರು ಹಲಸಿನ ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿ ಪಕ್ಕಕ್ಕಿಡುತ್ತಿದ್ದರು. ಮುದ್ದೆ ಉಂಡು ಬೆಳೆದವರು ಅಗುಳನ್ನು ಅಗಿಯದೆ ನುಂಗುತ್ತಿದ್ದರು. ಅರಬರ ಹಡಗಿನವರು ಮೂರೇ ಬೆರಳಲ್ಲಿ ಉಣ್ಣುತ್ತಿದ್ದರು. ತನ್ನ ಓಣಿ ದಾಟದ ಆ ಹೆಂಗಸಿಗೆ ಯಾವ ಊರಿನವರ ಗಂಟಲು ಹೇಗೆ ಏರಿಳಿಯುತ್ತದೆ ಎಂಬುದು ಬಾಯಿಪಾಠವಾಗಿತ್ತು. ತಾನು ಇಂಥ ಊರಿನವನು ಎಂದು ನಿಜ ಹೇಳಿ ಹಾಗೇ ಉಂಡವನಿಗೆ ತೊಂದರೆಯಿರಲಿಲ್ಲ. ಒಂದು ಊರು ಹೇಳಿ ಇನ್ನೊಂದು ಊರಿನ ಹಾಗೆ ಉಂಡರೆ ಪೂವಕ್ಕ ಕಿಂಡಿಯಲ್ಲಿ ಸೌಟು ಮಗುಚಿ ಇಡುತ್ತಿದ್ದಳು. ಮಗುಚಿದ ಸೌಟು ಕಂಡರೆ ಕಾವಲಿನವರು ಅಂಥವನನ್ನು ನೀರಮೆಟ್ಟಿಲ ಬಳಿಯ ಕತ್ತಲೆ ಕೋಣೆಗೆ ಹಾಕುತ್ತಿದ್ದರು. ಅದೇ ದಿನ ಕಡಲ ನೀರು ಇಳಿಯುವ ಇಳಿತಕ್ಕೆ ಅವನನ್ನು ಹುಟ್ಟಿಲ್ಲದ ದೋಣಿಯಲ್ಲಿ ಕೂರಿಸಿ ಅಳಿವೆಯ ಬಾಯಿಗೆ ತಳ್ಳುತ್ತಿದ್ದರು. ಕಡಲು ತೀರ್ಮಾನ ಮಾಡಲಿ ಎನ್ನುತ್ತಿದ್ದ ಹೆಗ್ಗಡೆ. ಕಡಲಿನ ತೀರ್ಮಾನ ಯಾವಾಗಲೂ ಒಂದೇ ಆಗಿರುತ್ತಿತ್ತು. ಎಷ್ಟು ಮಂದಿ ಹಾಗೆ ಹೋದರು ಎಂದು ಪೂವಕ್ಕ ಎಣಿಸಿರಲಿಲ್ಲ. ಎಣಿಸಬಾರದೆಂದೇ ಎಣಿಸಿರಲಿಲ್ಲ.

ಈ ಪೂವಕ್ಕನಿಗೆ ಒಬ್ಬ ತಮ್ಮನಿದ್ದ, ದೂಮ ಅಂತ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳೇ. ಮೀಸೆ ಮೂಡುವ ವಯಸ್ಸಿನಲ್ಲಿ ಕುದುರೆ ಹಡಗಿನವರ ಜೊತೆ ಹೊರಟವನು ಇಪ್ಪತ್ತೆರಡು ವರ್ಷ ಬಂದಿರಲಿಲ್ಲ. ಮಳೆಗಾಲ ಮುಗಿದು ಹಡಗುಗಳು ಮತ್ತೆ ಕಾಣಿಸಿಕೊಂಡಾಗಲೆಲ್ಲ ಅವಳು ಕಿಂಡಿಯಿಂದಲೇ ಕಾವಲಿನವರ ಕಡೆಯಿಂದ ವಿಚಾರಿಸುತ್ತಿದ್ದಳು. ಅವಳಿಗೆ ಕಳೆದುಹೋದ ತಮ್ಮನೊಬ್ಬನಿದ್ದಾನೆ ಎಂಬುದು ಆ ಕಾರಣದಿಂದ ಊರಿಗೇ ಗೊತ್ತಿತ್ತು, ಊರಾಚೆಗೂ ಗೊತ್ತಿತ್ತು. ಈ ಮಾತನ್ನು ನೆನಪಿಡಬೇಕು, ಏಕೆಂದರೆ ಪೂವಕ್ಕ ನೆನಪಿಟ್ಟಿದ್ದಳು.

ಘಟ್ಟದ ಮೇಲೆ ಮತ್ತೆ ದಂಡು ಸೇರುತ್ತಿದೆ ಎಂದು ಸುದ್ದಿ ಹಬ್ಬಿದ್ದ ಒಂದು ವರ್ಷ, ಬೆಳಗಿನ ಹೊತ್ತಿನಲ್ಲಿ, ನಾಲ್ಕು ಮಂದಿ ಒಟ್ಟಿಗೆ ಹೊರಬಾಗಿಲು ಹೊಕ್ಕರು. ಮಡಕೆ ಹೊತ್ತ ಗಂಡಹೆಂಡಿರಿಬ್ಬರು, ಆಗಾಗ ಬರುವವರೇ. ಮೂರನೆಯವನು ಉಪ್ಪಿನ ಮೂಟೆ ಹೊತ್ತವನು. ಬಡಗಣ ಗದ್ದೆಯ ಉಪ್ಪು, ನಾನೂ ಅಲ್ಲಿಯವನೇ ಎಂದ. ನಾಲ್ಕನೆಯವನು ನರೆತ ಗಡ್ಡದವನು, ಅರಬರ ಅಂಗಿ ತೊಟ್ಟಿದ್ದ. ಯಾರೆಂದು ಕೇಳಿದ್ದಕ್ಕೆ, ಈ ಊರಿನವನೇ, ದೂಮ, ಪೂವಕ್ಕನ ತಮ್ಮ, ಅವಳು ಬದುಕಿದ್ದಾಳೆಯೇ ಎಂದು ಕೇಳಿದ.

ಕಿಂಡಿಯ ಹಿಂದೆ ಪೂವಕ್ಕನಿಗೆ ಎದ್ದು ಓಡಬೇಕೆನಿಸಿತು, ಎದ್ದಳು ಕೂಡ. ಆದರೆ ಅಷ್ಟು ವರ್ಷ ಆ ಕಿಂಡಿಯಲ್ಲಿ ಕೂತವಳ ಕಾಲು ಅಷ್ಟು ಸುಲಭದಲ್ಲಿ ಬಾಗಿಲ ಕಡೆ ಹೋಗುವುದಿಲ್ಲ. ಒಳಗೆ ನುಗ್ಗಬೇಕೆನ್ನುವ ಯಾವ ಜಾಣನಾದರೂ ಹೇಳುವ ಹೆಸರು ಇದೇ ಅಲ್ಲವೇ ಎಂದು ಯೋಚಿಸಿದಳು, ಮತ್ತೆ ಕೂತಳು. ಆ ತಲೆಬಿಸಿಯಲ್ಲಿ ಕಾವಲಿನವನ ಕೈಗೆ ನಾಲ್ಕು ಎಲೆಯ ಸಾಮಾನು ಕೊಡುವಾಗ ಉಪ್ಪು ಹಾಕಲು ಮರೆತಳು. ಮರೆತದ್ದು ಅವಳಿಗೆ ಗೊತ್ತಾಗಲೂ ಇಲ್ಲ.

ಅವಳ ಕಣ್ಣೆಲ್ಲ ಗಡ್ಡದವನ ಕೈಯ ಮೇಲಿತ್ತು. ಅವನು ಹಲಸಿನ ಎಲೆಯನ್ನು ಎತ್ತಿ ಮೂಸಿ ನೋಡಿ ತೊಡೆಯ ಮೇಲಿಟ್ಟುಕೊಂಡ, ಮಡಚಲಿಲ್ಲ. ಮೂರು ಬೆರಳಲ್ಲಿ ಅಗುಳು ಹೆಕ್ಕಿದ. ತೆಳಿ ಹಾಗೇ ಉಳಿಯಿತು. ಪಕ್ಕದ ಉಪ್ಪಿನವನಾದರೋ ಎಲೆ ಮಡಚಿದ್ದು ನೋಡಬೇಕು, ಕಡ್ಡಿ ಚುಚ್ಚಿದ್ದು ನೋಡಬೇಕು. ಮೊದಲು ತೆಳಿ, ಆಮೇಲೆ ಅಗುಳು, ನಡುನಡುವೆ ಶುಂಠಿಯ ತುದಿ, ಒಂದು ಹನಿ ಕಲ್ಲಿನ ಮೇಲೆ ಬೀಳಲಿಲ್ಲ. ಮಡಕೆಯವಳು ಗೊಣಗುತ್ತಿದ್ದಳು. ಅರಸರ ಮನೆಯಲ್ಲಿ ಉಪ್ಪಿಗೂ ಬಡತನ ಬಂತೇ ಎಂದಳು; ಉಪ್ಪಿನವನ ಕಡೆ ತಿರುಗಿ, ಮೂಟೆ ಬಿಚ್ಚು ಮಾರಾಯ, ಒಂದು ಹರಳಿಗೆ ನಿನ್ನ ಗದ್ದೆ ಕರಗಿಹೋಗುವುದಿಲ್ಲ ಎಂದು ಕೀಟಲೆ ಮಾಡಿದಳು. ಅವನು ನಕ್ಕು, ಇದು ದೇವಸ್ಥಾನಕ್ಕೆಂದು ಹೊರಟದ್ದು ಅಕ್ಕ, ನಡುದಾರಿಯಲ್ಲಿ ಮುಟ್ಟಬಾರದು ಎಂದು ಕೈಮುಗಿದ. ಗಡ್ಡದವನೂ ಏನೋ ಹೇಳಿದ. ಪೂವಕ್ಕನ ಕಿವಿಯ ಮೇಲೆ ಇದೆಲ್ಲ ಬಿತ್ತು, ಒಳಕ್ಕೆ ಹೋಗಲಿಲ್ಲ. ನೋಡುವುದೇ ಕಸುಬಾದವರಿಗೆ ಕೇಳುವುದು ಮರೆತುಹೋಗುತ್ತದೆ.

ಆದರೂ ಅವಳು ಕಾವಲಿನವನನ್ನು ಕರೆದು ಮೂರು ಪ್ರಶ್ನೆ ಕೇಳಿಸಿದಳು. ತಾಯಿಯ ಹೆಸರು ಕೇಳಿಸಿದಳು, ಸರಿಯಾಗಿ ಹೇಳಿದ. ಮೊಣಕಾಲಿನ ಗಾಯ ಹೇಗಾಯಿತೆಂದು ಕೇಳಿಸಿದಳು. ಮರಳಲ್ಲಿ ಹೂತಿದ್ದ ಲಂಗರು ತಾಗಿ ಎಂದ, ಅದೂ ಸರಿ. ಹೊರಡುವಾಗ ಅಕ್ಕ ಬಟ್ಟೆಯಲ್ಲಿ ಕಟ್ಟಿಕೊಟ್ಟದ್ದೇನು ಎಂದು ಕೇಳಿಸಿದಳು. ಅವಲಕ್ಕಿ ಎಂದ. ಪೂವಕ್ಕ ಕಟ್ಟಿಕೊಟ್ಟದ್ದು ಹುರಿದ ಅಕ್ಕಿ. ಸಂಶಯ ಒಮ್ಮೆ ಮನೆ ಮಾಡಿದ ಮೇಲೆ ಅದರ ಲೆಕ್ಕಾಚಾರವೇ ಬೇರೆ: ಸರಿಯಾಗಿ ಹೇಳಿದ್ದೆಲ್ಲ ನಿಜವಾದ ದೂಮನ ಬಾಯಿಂದ ಕೇಳಿ ಕಲಿತದ್ದು, ತಪ್ಪಾಗಿ ಹೇಳಿದ್ದು ಕಲಿಯಲು ಸಿಗದೇ ಹೋದದ್ದು. ಹಾಗಾದರೆ ನಿಜವಾದ ದೂಮ ಎಲ್ಲಿ ಸತ್ತ, ಇವನ ಕೈಯಲ್ಲೇ ಸತ್ತನೇ ಎಂಬಲ್ಲಿಗೆ ಅವಳ ಯೋಚನೆ ಹೋಗಿ ಮುಟ್ಟಿತು. ಅವಳು ಸೌಟು ಮಗುಚಿಟ್ಟಳು. ಮಡಕೆಯವರಿಗೂ ಉಪ್ಪಿನವನಿಗೂ ಒಳಬಾಗಿಲು ತೆರೆಯಿತು. ಗಡ್ಡದವನನ್ನು ರಟ್ಟೆ ಹಿಡಿದು ಒಯ್ದರು. ಅವನು ಕೂಗಾಡಲಿಲ್ಲ; ಆ ಹಲಸಿನ ಎಲೆಯನ್ನು ಕೈಯಲ್ಲೇ ಹಿಡಿದುಕೊಂಡು ಹೋದ. ಅದೊಂದು ಅವಳಿಗೆ ಸರಿ ಕಾಣಲಿಲ್ಲ. ಆದರೆ ಮಗುಚಿದ ಸೌಟನ್ನು ಅವಳು ಈವರೆಗೆ ತಿರುಗಿ ನೆಟ್ಟಗೆ ಮಾಡಿದ್ದಿಲ್ಲ.

ಆ ನಾಲ್ವರ ಮೊದಲೂ ಆಮೇಲೂ ಆ ಬೆಳಿಗ್ಗೆ ಯಾರೂ ಬಂದಿರಲಿಲ್ಲ. ನಡುಹಗಲಿಗೆ ಅವಳು ತನಗೆಂದು ಗಂಜಿ ಬಗ್ಗಿಸಿಕೊಂಡಳು. ಉಪ್ಪಿಗೆಂದು ತೆಂಗಿನ ಗೆರಟೆಯ ಮುಚ್ಚಳ ತೆಗೆದಳು. ಬೆಳಿಗ್ಗೆ ತಾನೇ ತುಂಬಿ, ಬೆರಳಿನಿಂದ ಮಟ್ಟ ಮಾಡಿದ್ದ ಉಪ್ಪು. ಬೆರಳಿನ ಗೆರೆ ಹಾಗೇ ಇತ್ತು.

ಬೆಳಗಿನ ನಾಲ್ಕು ಎಲೆಗೂ ತಾನು ಉಪ್ಪು ಹಾಕಿಲ್ಲ ಎಂದು ಪೂವಕ್ಕನಿಗೆ ಆಗ ತಿಳಿಯಿತು ಎನ್ನುತ್ತಾರೆ. ಕೂತಲ್ಲೇ ಬೆಳಗಿನ ಮಾತುಗಳು ಒಂದೊಂದಾಗಿ ಒಳಕ್ಕೆ ಇಳಿದುವು. ಮಡಕೆಯವಳು ಉಪ್ಪು ಕೇಳಿದ್ದಳು. ಅವಳ ಗಂಡ ಎರಡು ಬಾಯಿ ಉಂಡು ಬಿಟ್ಟಿದ್ದ. ಉಪ್ಪಿನವನೊಬ್ಬ ಮಾತ್ರ ಮೂಟೆಯನ್ನು ಕಾಲ ಬುಡದಲ್ಲಿಟ್ಟುಕೊಂಡು ಸಪ್ಪೆ ಗಂಜಿಯನ್ನು ಕೊನೆಯ ಹನಿಯ ತನಕ, ಹಬ್ಬದೂಟದ ಹಾಗೆ ಉಂಡಿದ್ದ. ಉಪ್ಪಿನ ಗದ್ದೆಯಲ್ಲಿ ಹುಟ್ಟಿದವನಿಗೆ ನಾಲಗೆ ಇರಲಿಲ್ಲವೇ? ನಾಲಗೆ ಇತ್ತು; ಅವನ ಗಮನ ಅಲ್ಲಿರಲಿಲ್ಲ. ಅವನು ಊಟ ಮಾಡಲಿಲ್ಲ, ಪರೀಕ್ಷೆ ಕೊಟ್ಟ. ಹೇಗೆ ಉಣ್ಣಬೇಕೆಂದು ಯಾರೋ ಕಲಿಸಿ ಕಳಿಸಿದ್ದರು. ತಪ್ಪು ಕಂಡರೆ ಬೈಯಬೇಕೆಂದು ಕಲಿಸಿರಲಿಲ್ಲ. ಮತ್ತೆ ಆ ಗಡ್ಡದವನು ಏನೆಂದಿದ್ದ? ಮಡಕೆಯವಳ ಮಾತಿನ ಹಿಂದೆಯೇ, ಯಾರನ್ನೂ ನೋಡದೆ, ತನ್ನ ಪಾಡಿಗೆ ಅವನು ಹೇಳಿದ್ದು ಈಗ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು: "ಅಕ್ಕನ ಗಂಜಿ ಯಾವತ್ತೂ ಹೀಗೇ. ಉಪ್ಪು ಕೇಳಿಯೇ ಉಣ್ಣಬೇಕು."

ಇಳಿತ ಶುರುವಾಗಲು ಹೆಚ್ಚು ಹೊತ್ತಿರಲಿಲ್ಲ. ಪೂವಕ್ಕ ಕಿಂಡಿಯ ಕೋಣೆಯಿಂದ ಹೊರಗೆ ಬಂದು ಹೆಗ್ಗಡೆಯ ಚಾವಡಿಗೆ ಹೋಗಿ, ಉಪ್ಪಿನವನನ್ನು ಹಿಡಿಸಬೇಕು, ಕೋಣೆಯಲ್ಲಿದ್ದವನನ್ನು ಬಿಡಬೇಕು ಎಂದಳು. ಹೆಗ್ಗಡೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಮಧ್ಯಾಹ್ನದ ಹೊತ್ತಿನಲ್ಲಿ ಇದೇನು ಹೊಸ ರಾಗ ಎಂದ. ನಿನ್ನ ಕಣ್ಣು ತಪ್ಪಿತು ಎನ್ನುತ್ತೀಯಾ ಎಂದು ಕೇಳಿದ. ಹೌದು, ತಪ್ಪಿತು ಎಂದಳು. ಅವನು ಸುಣ್ಣ ಹಚ್ಚುತ್ತಿದ್ದ ಬೆರಳನ್ನು ನಿಲ್ಲಿಸಿದ.

"ಯೋಚನೆ ಮಾಡಿ ಮಾತಾಡು ಪೂವಕ್ಕ," ಎಂದ. "ಇವತ್ತು ತಪ್ಪಿತು ಅಂದರೆ ಊರಿನವರು ಹಿಂದಿನದನ್ನೂ ಕೇಳುತ್ತಾರೆ. ದೋಣಿ ಹತ್ತಿದವರೆಲ್ಲ ಕಳ್ಳರೇ ಆಗಿದ್ದರೋ ಅಂತ."

ಅವಳು ಅದನ್ನು ಚಾವಡಿಯ ಮೆಟ್ಟಿಲು ಹತ್ತುವ ಮೊದಲೇ ಯೋಚಿಸಿದ್ದಳು. "ಊರಿನವರು ನಾಳೆ ಕೇಳಲಿ, ಒಡೆಯಾ," ಎಂದಳು. "ನನ್ನನ್ನು ನಾನು ಆಗಲೇ ಕೇಳಿ ಆಯಿತು. ಉಪ್ಪಿನ ಮೂಟೆ ಬಿಚ್ಚಿಸಿ. ಅದರಲ್ಲಿ ಉಪ್ಪೇ ಇದ್ದರೆ ಆ ದೋಣಿಯಲ್ಲಿ ನನ್ನನ್ನೂ ಕೂರಿಸಿ."

ಹೆಗ್ಗಡೆಗೆ ಅವಳ ಮೇಲೆ ನಂಬಿಕೆ ಬಂತೋ, ಘಟ್ಟದ ದಂಡಿನ ಭಯ ಬಂತೋ ಹೇಳಲಾಗದು. ಆಳುಗಳನ್ನು ಓಡಿಸಿದ. ಉಪ್ಪಿನವನು ದೇವಸ್ಥಾನದಲ್ಲಿರಲಿಲ್ಲ. ಅವನು ಸಿಕ್ಕಿದ್ದು ಇದೇ ಬಾಗಿಲಿನಲ್ಲಿ, ಒಳಬಾಗಿಲ ಹಿಂದಿನ ನೆರಳಿನಲ್ಲಿ. ಬಿಸಿಲಿಗೆ ಸುಸ್ತಾದವನ ಹಾಗೆ ಕದಕ್ಕೆ ಒರಗಿಕೊಂಡು ಕೂತಿದ್ದ. ಕಾವಲಿನವರು ಅವನಿಗೆ ಕುಡಿಯಲು ನೀರನ್ನೂ ಕೊಟ್ಟಿದ್ದರು. ಅವನ ಬೆನ್ನ ಹಿಂದೆ, ಕದಕ್ಕೆ ಅಡ್ಡ ಹಾಕುವ ದಪ್ಪ ಮರದ ಅಗುಳಿಯನ್ನು ಗೋಡೆಗೆ ಆನಿಸಿ ಇಟ್ಟಿತ್ತು. ಎತ್ತಿ ನೋಡಿದರೆ ಅದು ಮುಕ್ಕಾಲು ಕೊಯ್ದಿತ್ತು, ಕೊಯ್ದ ಗೆರೆಗೆ ಮೇಣ ಮೆತ್ತಿತ್ತು. ಹೊರಗಿನಿಂದ ಒಂದು ಆನೆಯ ಹಣೆ ತಾಗಿದರೆ ಸಾಕು, ಕಡ್ಡಿಯ ಹಾಗೆ ಮುರಿಯುತ್ತಿತ್ತು. ಮೂಟೆಯ ಬಾಯಲ್ಲಿ ಎರಡು ಹಿಡಿ ಉಪ್ಪು, ಕೆಳಗೆಲ್ಲ ಮರಳು, ಮರಳಿನಲ್ಲಿ ಮೇಣದ ಉಂಡೆ. ಗರಗಸ ಮಾತ್ರ ಅವನ ಸೊಂಟದಲ್ಲಿತ್ತು. ಅವನನ್ನು ಹಿಡಿದು ಎಳೆಯುವಾಗಲೂ ಅವನು ಕಡಲ ಕರೆಯ ಮಾತನ್ನೇ ಆಡುತ್ತಿದ್ದನಂತೆ, ಒಂದು ಅಕ್ಷರ ತಪ್ಪದೆ.

ಪೂವಕ್ಕ ಅದನ್ನು ನೋಡಲು ನಿಲ್ಲಲಿಲ್ಲ. ನೀರಮೆಟ್ಟಿಲಿಗೆ ಹೋದಳು. ನೀರು ಇಳಿಯತೊಡಗಿತ್ತು, ದೋಣಿಯನ್ನು ತಿರುಗಿಸಿ ನಿಲ್ಲಿಸಿದ್ದರು. ಗಡ್ಡದವನು ಅದರಲ್ಲಿ ಕೂತಿದ್ದ. ಅಷ್ಟರಲ್ಲಿ ಹೆಗ್ಗಡೆಯ ಆಳು ಓಡಿಬಂದು ಹಗ್ಗ ಬಿಚ್ಚಬೇಡಿ ಎಂದ. ಅವಳು ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಆ ಮುಖವನ್ನು ನೋಡಿದಳು. ಕಿಂಡಿಯಿಲ್ಲದೆ ಒಬ್ಬರ ಮುಖ ನೋಡಿ ಅವಳಿಗೆ ಬಹಳ ಕಾಲವಾಗಿತ್ತು. ತಮ್ಮನ ಮುಖವೋ ಅಲ್ಲವೋ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷದ ಬಿಸಿಲು ಯಾರ ಮುಖವನ್ನಾದರೂ ಯಾರದಾದರೂ ಮಾಡಿಬಿಡುತ್ತದೆ. ಅವನ ಕೈಯಲ್ಲಿ ಹಲಸಿನ ಎಲೆ ಮಡಚಿತ್ತು. ಕತ್ತಲೆ ಕೋಣೆಯಲ್ಲಿ ಕೂತು ಅವನು ಅದನ್ನು ಮತ್ತೆ ಮತ್ತೆ ಮಡಚಿ ಬಿಚ್ಚಿ ಅಂಚು ಹರಿದಿದ್ದ. ಕಡ್ಡಿ ವಾರೆಯಾಗಿ ಚುಚ್ಚಿತ್ತು. ಕೈ ಮರೆತುಬಿಟ್ಟಿದೆ ಎಂದ. ಆಮೇಲೆ, ಹುರಿದ ಅಕ್ಕಿಯ ಗಂಟು ಮೊದಲನೆಯ ದಿನವೇ ಕಡಲಿಗೆ ಬಿತ್ತು, ಅವಲಕ್ಕಿ ಕೊಟ್ಟವನು ಹಡಗಿನ ಒಬ್ಬ ಮುದುಕ, ಅದೇ ನೆನಪಿನಲ್ಲಿ ಉಳಿಯಿತು ಎಂದೂ ಹೇಳಿದ. ನಿಜವಿರಬಹುದು. ತನ್ನ ಪ್ರಶ್ನೆಗೆ ಉತ್ತರವೇನೆಂದು ಕಾವಲಿನವರ ಹತ್ತಿರ ಹೇಳಿಕೊಂಡಿದ್ದೆನೇ ಎಂದು ಪೂವಕ್ಕ ನೆನಪು ಮಾಡಿಕೊಂಡಳು. ಹೇಳಿಕೊಂಡಿದ್ದಳು. ಹಾಗಾದರೆ ಅವನು ಅದನ್ನು ಕೋಣೆಯ ಬಾಗಿಲ ಸಂದಿನಲ್ಲೂ ಕೇಳಿರಬಹುದು.

ಹೆಗ್ಗಡೆ ಅವನ ಜೀವ ಉಳಿಸಿದ, ಪಟ್ಟಣದ ಒಳಕ್ಕೆ ಬಿಡಲಿಲ್ಲ. ಎರಡು ಬಾಗಿಲುಗಳ ನಡುವೆಯೇ ಇರಲಿ, ಅಕ್ಕ ಎನ್ನುವವಳು ಹೊಣೆ ಎಂದ. ಪೂವಕ್ಕ ಮನೆಗೆ ಬೀಗ ಹಾಕಿ, ಚಾಪೆ ತಂದು ಕಿಂಡಿಯ ಕೋಣೆಯಲ್ಲೇ ಉಳಿದಳು. ಹನ್ನೊಂದು ವರ್ಷ ಇಬ್ಬರೂ ಅಲ್ಲೇ ಇದ್ದರು. ಅವನು ಸೌದೆ ಒಡೆದ, ನೀರು ಹೊತ್ತ, ಎಲೆ ಮಡಚುವುದನ್ನು ಮತ್ತೆ ಕಲಿತ. ದೋಣಿ ಮತ್ತೆ ಕಟ್ಟು ಬಿಚ್ಚಲಿಲ್ಲ. ಅದಕ್ಕೆ ಆಮೇಲೆ ಹುಟ್ಟು ಹಾಕಿಸಿದವಳು ಪೂವಕ್ಕನೇ ಎನ್ನುತ್ತಾರೆ. ಗಂಜಿ ನಿಲ್ಲಲಿಲ್ಲ, ಆದರೆ ಎಲೆಯಂಚಿಗೆ ಉಪ್ಪು ಹಾಕುವುದು ನಿಂತಿತು. ಜಗಲಿಯ ನಡುವೆ ಪುಟ್ಟದೊಂದು ಕುಳಿ ಕಡೆಯಿಸಿ, ಅದರಲ್ಲಿ ಉಪ್ಪು ಇಟ್ಟು, ಮೇಲೆ ಎಲೆ ಮುಚ್ಚಿರುತ್ತಿದ್ದರು. ಬಂದವನು ಮುಖ ಸಿಂಡರಿಸಿ, ಇದೇನು ಉಪ್ಪೇ ಇಲ್ಲವಲ್ಲ ಎಂದರೆ ಎಲೆ ಸರಿಸಿ ತೋರಿಸುತ್ತಿದ್ದರು, ಒಳಬಾಗಿಲು ತೆರೆಯುತ್ತಿತ್ತು. ಬಾಯಿ ಮುಚ್ಚಿಕೊಂಡು ಸಪ್ಪೆಯನ್ನು ಹೊಗಳಿ ಉಂಡವನನ್ನು ಮಾತ್ರ ಕೂರಿಸಿ ಇನ್ನೂ ನಾಲ್ಕು ಮಾತು ಕೇಳುತ್ತಿದ್ದರು. ಹೆಸರು ಬಂದದ್ದು ಹೀಗೆ.

ಅವನು ನಿಜವಾಗಿ ದೂಮನೇ ಆಗಿದ್ದನೇ? ಇದನ್ನು ಊರು ಆಗಲೂ ಕೇಳಿತು. ಮಡಕೆಯವಳು, ಈಗ ಅವಳಿಗೂ ವಯಸ್ಸಾಗಿತ್ತು, ಪೂವಕ್ಕನ ಕೊನೆಯ ದಿನಗಳಲ್ಲಿ ಅವಳ ಚಾಪೆಯ ಪಕ್ಕದಲ್ಲಿ ಕೂತು ನೇರವಾಗಿಯೇ ಕೇಳಿದಳಂತೆ, ಈಗಲಾದರೂ ಹೇಳು, ಅವನು ನಿನ್ನ ತಮ್ಮನೇ ಹೌದೇ ಎಂದು. ಪೂವಕ್ಕ ಒಲೆಯ ಕಡೆ ನೋಡಿದಳು. ಅವನು ಅಲ್ಲಿ ಗಂಜಿ ತಿರುವುತ್ತ, ರುಚಿ ನೋಡಿ ಗೊಣಗುತ್ತಿದ್ದ.

"ಯಾರಿಗೆ ಗೊತ್ತು," ಎಂದಳು. "ದಿನಾ ಉಪ್ಪು ಕೇಳುತ್ತಾನೆ."

ಈಗ ಬಾಗಿಲ ಕದಗಳಿಲ್ಲ, ಅಗುಳಿ ಇಲ್ಲ. ನೀರಮೆಟ್ಟಿಲು ಹೂಳಿನಲ್ಲಿ ಹೋಗಿದೆ. ಅದರ ಮೇಲೆ ಐಸು ಕಾರ್ಖಾನೆಯ ಲಾರಿಗಳು ನಿಲ್ಲುತ್ತವೆ. ನಾಲ್ಕು ಕುಳಿಗಳಲ್ಲಿ ಮಳೆನೀರು, ಗೋಳಿಹಣ್ಣು, ಯಾರೋ ಎಸೆದ ಬೀಡಿಯ ತುಂಡು. ಐದನೆಯ ಕುಳಿಯಲ್ಲಿ ಮಾತ್ರ ಯಾವ ಬೆಳಿಗ್ಗೆ ಹೋಗಿ ನೋಡಿದರೂ ನಾಲ್ಕು ಹರಳು ಉಪ್ಪು ಇರುತ್ತದೆ. ಇಡುವವರು ಯಾರೆಂದು ಕೇಳಿದರೆ ಎಲ್ಲರೂ ಇನ್ನೊಬ್ಬರ ಹೆಸರು ಹೇಳುತ್ತಾರೆ. ಬಾಗಿಲಿನ ಎದುರಿಗೆ ಜಲಜಕ್ಕನ ಖಾನಾವಳಿ ಇದೆ, ಹತ್ತು ಗಂಟೆಗೆ ಅಲ್ಲಿ ಗಂಜಿ ಸಿಗುತ್ತದೆ. ಬಿಸಿ ಇರುತ್ತದೆ, ತೆಳಿ ಚೆನ್ನಾಗಿರುತ್ತದೆ, ಮೇಜಿನ ಮೇಲೆ ಉಪ್ಪಿನ ಡಬ್ಬಿ ಇರುವುದಿಲ್ಲ. ಹೊರಗಿನಿಂದ ಬಂದವರು ಸಭ್ಯತೆಗೆ ಒಳ್ಳೆಯದಿದೆ, ಒಳ್ಳೆಯದಿದೆ ಎಂದು ತಲೆಯಾಡಿಸುತ್ತ ಉಣ್ಣುತ್ತಾರೆ. ಅಡುಗೆಮನೆಗೂ ಊಟದ ಕೋಣೆಗೂ ನಡುವೆ, ತಟ್ಟೆ ದಾಟಿಸಲೆಂದು ಗೋಡೆಯಲ್ಲಿ ಬಿಟ್ಟ ಒಂದು ಸಣ್ಣ ಕಿಂಡಿಯಿದೆ. ಅಲ್ಲಿ ಜಲಜಕ್ಕನ ಒಂದು ಕಣ್ಣು ಮಾತ್ರ ಕಾಣುತ್ತದೆ.